ಮುನ್ನೂರ ಹತ್ತು ಕೋಟಿ ಅಕ್ಷರಗಳಿಗೊಂದು ಕಿಟಕಿ

ಜೀನೋಮ್ ಕುರಿತ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಪಕ್ಕದಲ್ಲೊಂದು ಚಿತ್ರ ಇದ್ದೇ ಇರುತ್ತದೆ. ತಿರುಚಿದ ಏಣಿ, ಅದರ ಹಿಂದೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಸಾಲಿನ ಮೇಲೆ ಸಾಲು. ಆ ಸಾಲುಗಳನ್ನು ಯಾರೂ ಓದಲು ಹೋಗುವುದಿಲ್ಲ. ನಮ್ಮ ದೇಹದ ಕೈಪಿಡಿ ಅದೇ ಎಂದು ಶಾಲೆಯಲ್ಲಿ ಕೇಳಿದ್ದೇವೆ. ವಿಜ್ಞಾನಿಗಳು ಅದನ್ನು ಪೂರ್ತಿ ಓದಿ ಮುಗಿಸಿದರೆಂದೂ ಕೇಳಿದ್ದೇವೆ. ಹಾಗಾದರೆ ಓದಿದವರು ಹೇಗೆ ಓದಿದರು? ರೋಗಿಯ ರಕ್ತದ ಡಿಎನ್‌ಎ ಪರೀಕ್ಷೆ ಮಾಡಿಸಿದ ವೈದ್ಯರು ‘ಇಲ್ಲಿ ಒಂದು ಅಕ್ಷರ ಬದಲಾಗಿದೆ’ ಎನ್ನುತ್ತಾರಲ್ಲ, ಅಷ್ಟು ದೊಡ್ಡ ಕಾಡಿನಲ್ಲಿ ಆ ಒಂದು ಎಲೆ ಅವರ ಕಣ್ಣಿಗೆ ಬಿದ್ದದ್ದು ಹೇಗೆ?

ಕಾಡು ಎಷ್ಟು ದೊಡ್ಡದೆಂದು ಮೊದಲು ನೋಡೋಣ. ಮನುಷ್ಯನ ಜೀನೋಮಿನಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. ಅಕ್ಷರಕ್ಕೆ ಒಂದು ಮಿಲಿಮೀಟರ್ ಜಾಗ ಕೊಟ್ಟು ಒಂದೇ ಸಾಲಿನಲ್ಲಿ ಬರೆದರೆ ಸಾಲು 3,100 ಕಿಲೋಮೀಟರ್ ಆಗುತ್ತದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಮ್ಮ ದೇಶದ ಉದ್ದವೇ ಸುಮಾರು 3,214 ಕಿಲೋಮೀಟರ್. ಸೆಕೆಂಡಿಗೆ ಒಂದು ಅಕ್ಷರದಂತೆ, ಊಟ ನಿದ್ದೆ ಬಿಟ್ಟು ಓದಿದರೂ ಮುಗಿಯಲು 98 ವರ್ಷ ಬೇಕು. ಇತ್ತ ಮೇಜಿನ ಮೇಲಿರುವ ಸಾಮಾನ್ಯ ಕಂಪ್ಯೂಟರ್ ಪರದೆಯ ಅಗಲದಲ್ಲಿ ಇರುವುದು 1,920 ಚುಕ್ಕಿಗಳು ಮಾತ್ರ.

ಅಷ್ಟು ದೊಡ್ಡದನ್ನು ಇಷ್ಟು ಚಿಕ್ಕ ಪರದೆಯಲ್ಲಿ ನೋಡುವಂಥ ಪವಾಡವನ್ನು ನಾವೆಲ್ಲ ದಿನವೂ ಮಾಡುತ್ತಿರುತ್ತೇವೆ. ಮೊಬೈಲಿನ ನಕ್ಷೆ ತೆರೆದರೆ ಇಡೀ ಭಾರತ ಕಾಣುತ್ತದೆ. ಎರಡು ಬೆರಳಿಟ್ಟು ಹಿಗ್ಗಿಸಿದರೆ ಕರ್ನಾಟಕ, ಇನ್ನಷ್ಟು ಹಿಗ್ಗಿಸಿದರೆ ನಮ್ಮ ಜಿಲ್ಲೆ, ಕೊನೆಗೆ ನಮ್ಮೂರಿನ ಕೆರೆ ಏರಿ, ಅದರ ಪಕ್ಕದ ಗುಡಿ. ಇಡೀ ಭೂಮಿಯ ನಕ್ಷೆ ನಮ್ಮ ಮೊಬೈಲಿನೊಳಗೆ ಇಲ್ಲ. ಆದರೂ ಕೇಳಿದ ಕಡೆಗೆ ಕ್ಷಣದಲ್ಲಿ ಹೋಗಿ ನಿಲ್ಲುತ್ತದೆ. ಜೀನೋಮನ್ನು ನೋಡುವವರ ಬಳಿಯೂ ಇಂಥದೇ ಒಂದು ಸಾಧನವಿದೆ. ಜೀನೋಮ್ ಬ್ರೌಸರ್ ಎಂಬುದು ಅದರ ಹೆಸರು. ನಾನು ಅದನ್ನು ಇಲ್ಲಿ ಕಿಟಕಿ ಎಂದು ಕರೆಯುತ್ತೇನೆ. ಆ ಕಿಟಕಿಯ ಹಿಂದೆ ನಡೆಯುವ ಕೆಲಸವೇ ಈ ಅಧ್ಯಾಯದ ವಿಷಯ.

ಮಣಿಕಟ್ಟಿಗೆ ಮಂಜುಗಡ್ಡೆ

2000ನೇ ಇಸವಿಯ ಬೇಸಿಗೆ. ಹಲವು ದೇಶಗಳ ಸರ್ಕಾರಿ ಹಣದಿಂದ ನಡೆಯುತ್ತಿದ್ದ ಮಾನವ ಜೀನೋಮ್ ಯೋಜನೆ ಹತ್ತನೇ ವರ್ಷದಲ್ಲಿತ್ತು. ಡಿಎನ್‌ಎಯ ಚೂರುಗಳನ್ನು ಓದಿ ಆಗಿತ್ತು, ಆದರೆ ಲಕ್ಷಗಟ್ಟಲೆ ಚೂರುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವುದು ಬಾಕಿ ಇತ್ತು. ಸೆಲೆರಾ ಎಂಬ ಖಾಸಗಿ ಕಂಪನಿಯೂ ಅದೇ ಕೆಲಸದಲ್ಲಿತ್ತು. ಅವರೇ ಮೊದಲು ಜೋಡಿಸಿ ಮುಗಿಸಿದರೆ ಮನುಷ್ಯಕುಲದ ಪಠ್ಯಕ್ಕೆ ಪೇಟೆಂಟಿನ ಬೇಲಿ ಬಿದ್ದೀತೆಂಬ ಆತಂಕ ಅನೇಕರಿಗಿತ್ತು.

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ (ಯುಸಿಎಸ್‌ಸಿ) ಡೇವಿಡ್ ಹೌಸ್ಲರ್ ಅವರ ತಂಡದ ಜೊತೆಗಿದ್ದು ಪಿಎಚ್‌ಡಿ ಮಾಡುತ್ತಿದ್ದ ಜಿಮ್ ಕೆಂಟ್ ಈ ಜೋಡಣೆಯ ಪ್ರೋಗ್ರಾಂ ಬರೆಯಲು ಕುಳಿತರು. ಸುಮಾರು ನಾಲ್ಕು ವಾರ ಹಗಲು ರಾತ್ರಿ ಟೈಪ್ ಮಾಡಿ ಮಣಿಕಟ್ಟು ಊದಿಕೊಳ್ಳುತ್ತಿದ್ದುದರಿಂದ ರಾತ್ರಿ ಮಂಜುಗಡ್ಡೆ ಇಟ್ಟುಕೊಳ್ಳುತ್ತಿದ್ದರಂತೆ. ಜೂನ್ 22ರಂದು ಮೊದಲ ಕರಡು ಜೋಡಣೆ ಮುಗಿಯಿತು. ನಾಲ್ಕು ದಿನಗಳ ನಂತರ, ಜೂನ್ 26ರಂದು, ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಶ್ವೇತಭವನದಲ್ಲಿ ಜಗತ್ತಿಗೆ ಅದನ್ನು ಸಾರಿದರು. ಜುಲೈ 7ರಂದು ಸಾಂತಾ ಕ್ರೂಜ್ ತಂಡ ಇಡೀ ಕರಡನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಅಂತರಜಾಲದಲ್ಲಿ ಇಟ್ಟಿತು.

ಪಠ್ಯ ಕೈಗೆ ಬಂದ ಕೂಡಲೇ ಹೊಸ ಕಷ್ಟ ಎದುರಾಯಿತು. ಕೈಯಲ್ಲಿರುವುದು ಅಕ್ಷರಗಳ ಹೊಳೆ. ಪದಗಳ ನಡುವೆ ಜಾಗವಿಲ್ಲ, ವಿರಾಮ ಚಿಹ್ನೆಯಿಲ್ಲ, ಅಧ್ಯಾಯದ ಹೆಸರಿಲ್ಲ. ಕೆಂಟ್ ಜೀವವಿಜ್ಞಾನಕ್ಕೆ ಬರುವ ಮೊದಲು ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರ ಬರೆಯುವ ಪ್ರೋಗ್ರಾಂಗಳನ್ನು ರಚಿಸುತ್ತಿದ್ದವರು. ಪರದೆಯ ಒಂದೊಂದು ಚುಕ್ಕಿಗೂ ಬೆಲೆಯಿದೆಯೆಂದು ಆ ಕಸುಬು ಅವರಿಗೆ ಕಲಿಸಿತ್ತು. ಮಣ್ಣಿನ ಒಂದು ಪುಟ್ಟ ಹುಳುವಿನ ಜೀನೋಮಿಗಾಗಿ ತಾವೇ ಬರೆದಿದ್ದ ಚಿತ್ರಪ್ರೋಗ್ರಾಂ ಒಂದನ್ನು ಅವರು ಮನುಷ್ಯನ ಪಠ್ಯಕ್ಕೆ ಹೊಂದಿಸಿದರು. ಇಂದು ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಎಂದು ಜಗತ್ತಿನೆಲ್ಲೆಡೆಯ ಜೀವವಿಜ್ಞಾನದ ಪ್ರಯೋಗಾಲಯಗಳು ಬಳಸುವುದು ಅದನ್ನೇ. ಜೋಡಣೆಯ ಕಥೆ ಪುಸ್ತಕಗಳಲ್ಲಿ ಬಂದಷ್ಟು ಈ ಕಿಟಕಿಯ ಕಥೆ ಬಂದಿಲ್ಲ. ನನ್ನ ಮಟ್ಟಿಗೆ ಎರಡೂ ಸಮಾನ ಸಾಧನೆಗಳು. ಜೋಡಿಸಿಟ್ಟ ಪುಸ್ತಕ ತೆರೆಯಲು ಬರದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಒಂದು ಸರ್ವೆ ನಂಬರು, ಹಲವು ಕಲಂ

ಹೊಲಕ್ಕೆ ಸರ್ವೆ ನಂಬರ್ ಇರುವಂತೆ ಜೀನೋಮಿನ ಪ್ರತಿ ಅಕ್ಷರಕ್ಕೂ ಒಂದು ನಂಬರಿದೆ. 11ನೆಯ ವರ್ಣತಂತುವಿನ (ಕ್ರೋಮೋಸೋಮಿನ) 52,27,002ನೆಯ ಅಕ್ಷರ ಎಂದರೆ ಬೆಂಗಳೂರಿನಲ್ಲಿ ಕುಳಿತವರಿಗೂ ಬಾಸ್ಟನ್ನಿನಲ್ಲಿ ಕುಳಿತವರಿಗೂ ಅದು ಒಂದೇ ಜಾಗ. ಭೂಮಿಯ ಮರುಮೋಜಣಿ ಆದಾಗ ಹಳೆಯ ನಂಬರು ಹೋಗಿ ಹೊಸತು ಬರುವಂತೆ ಇಲ್ಲೂ ಆಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಮೋಜಣಿ 2013ರದು. ಅದಕ್ಕೂ ಹಿಂದಿನದು 2009ರದು. ಹಳೆಯ ವರದಿಯ ನಂಬರನ್ನು ಹೊಸ ನಕ್ಷೆಯಲ್ಲಿ ಹುಡುಕಿದರೆ ಪಕ್ಕದ ಯಾರದೋ ಹೊಲಕ್ಕೆ ಹೋಗಿ ನಿಂತಿರುತ್ತೇವೆ. ಈ ಕ್ಷೇತ್ರದಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಇದೇ.

ಕಿಟಕಿಯ ನೆತ್ತಿಯ ಮೇಲೆ ಈ ನಂಬರುಗಳ ಅಳತೆಗೋಲು ಅಡ್ಡಲಾಗಿ ಮಲಗಿರುತ್ತದೆ. ಅದರ ಕೆಳಗೆ, ರೈಲು ನಿಲ್ದಾಣದ ಹಳಿಗಳಂತೆ, ಒಂದರ ಕೆಳಗೊಂದು ಪಟ್ಟಿಗಳು. ಇಂಗ್ಲಿಷಿನ ಟ್ರ್ಯಾಕ್‌ಗೆ ಹಳಿ ಎಂದೇ ಹೇಳೋಣ. ಒಂದು ಹಳಿಯಲ್ಲಿ ಜೀನುಗಳು, ಅಂದರೆ ವಂಶವಾಹಿಗಳು, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂಬ ಗುರುತು. ಇನ್ನೊಂದರಲ್ಲಿ ಜನರ ನಡುವೆ ವ್ಯತ್ಯಾಸ ಕಂಡುಬಂದ ಜಾಗಗಳು. ಮತ್ತೊಂದರಲ್ಲಿ ಇಲಿ, ಕೋಳಿ, ಮೀನುಗಳ ಪಠ್ಯದೊಂದಿಗೆ ಮನುಷ್ಯನ ಪಠ್ಯ ಎಷ್ಟು ಹೊಂದುತ್ತದೆ ಎಂಬ ಏರಿಳಿತದ ಗೆರೆ. ಪಹಣಿಯಲ್ಲಿ ಒಂದು ಸರ್ವೆ ನಂಬರಿನ ಮುಂದೆ ಒಡೆತನ, ಬೆಳೆ, ನೀರಿನ ಮೂಲ, ಸಾಲ ಎಲ್ಲವೂ ಬೇರೆ ಬೇರೆ ಕಲಂಗಳಲ್ಲಿ ಇರುತ್ತವಲ್ಲ, ಇದೂ ಹಾಗೆಯೇ. ಬೇರೆ ಬೇರೆ ತಂಡಗಳು ಬೇರೆ ಬೇರೆ ವರ್ಷ ಕಂಡುಕೊಂಡ ಸಂಗತಿಗಳು ಒಂದೇ ವಿಳಾಸದ ಕೆಳಗೆ ಸಾಲಾಗಿ ನಿಲ್ಲುತ್ತವೆ.

ಇದರ ಲಾಭ ಕಣ್ಣಿಗೆ ಗೊತ್ತಾಗುತ್ತದೆ. ಮನುಷ್ಯ, ಇಲಿ, ಕೋಳಿಗಳಲ್ಲಿ ಕೋಟ್ಯಂತರ ವರ್ಷ ಬದಲಾಗದೆ ಉಳಿದ ಒಂದು ಭಾಗ ಗುಡ್ಡದಂತೆ ಎದ್ದು ಕಾಣುತ್ತದೆ, ಆದರೆ ಅದರ ನೇರ ಕೆಳಗಿನ ಹಳಿಯಲ್ಲಿ ಜೀನ್ ಇಲ್ಲ ಎಂದುಕೊಳ್ಳಿ. ಅಲ್ಲಿ ಬೇರೇನೋ ಮುಖ್ಯವಾದದ್ದು ಇರಬೇಕು, ಬಹುಶಃ ದೂರದ ಜೀನೊಂದನ್ನು ಹಚ್ಚಿ ಆರಿಸುವ ಸ್ವಿಚ್ಚು. ಇಂಥ ಸ್ವಿಚ್ಚುಗಳು ಎಷ್ಟು ಅನಿರೀಕ್ಷಿತ ಜಾಗದಲ್ಲಿರುತ್ತವೆ ಎಂಬುದಕ್ಕೆ ಹಾಲಿನ ಉದಾಹರಣೆ ಇದೆ. ಕೆಲವರಿಗೆ ದೊಡ್ಡವರಾದ ಮೇಲೂ ಹಾಲು ಜೀರ್ಣವಾಗುತ್ತದೆ, ಕೆಲವರಿಗೆ ಹೊಟ್ಟೆ ಕೆಡುತ್ತದೆ. ಇದಕ್ಕೆ ಕಾರಣವಾದ ಒಂದು ಅಕ್ಷರದ ವ್ಯತ್ಯಾಸವನ್ನು 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಗುರುತಿಸಿದರು. ಅದು ಹಾಲಿನ ಸಕ್ಕರೆ ಒಡೆಯುವ ಜೀನಿನ ಒಳಗೆ ಇರಲಿಲ್ಲ. ಸುಮಾರು 14 ಸಾವಿರ ಅಕ್ಷರ ಆಚೆ, ನೆರೆಮನೆಯ ಜೀನಿನ ನಡುಮನೆಯಲ್ಲಿತ್ತು! ಅಕ್ಷರಗಳ ಪಟ್ಟಿ ಹಿಡಿದು ಕೂತರೆ ಈ ನೆಂಟಸ್ತಿಕೆ ಕಾಣುವುದಿಲ್ಲ. ಹಳಿಗಳನ್ನು ಒಂದರ ಕೆಳಗೊಂದು ಇಟ್ಟು ಸ್ವಲ್ಪ ದೂರ ಸರಿದು ನೋಡಬೇಕು.

ದೂರ ಸರಿದು ನೋಡುವುದು

ಆದರೆ ದೂರ ಸರಿಯುವುದೇ ಕಷ್ಟದ ಕೆಲಸ. ಒಂದನೆಯ ವರ್ಣತಂತುವಿನಲ್ಲಿ ಸುಮಾರು 24.9 ಕೋಟಿ ಅಕ್ಷರಗಳಿವೆ. ಅದನ್ನು 1,920 ಚುಕ್ಕಿಗಳ ಪರದೆಯಲ್ಲಿ ಪೂರ್ತಿ ತೋರಿಸಬೇಕೆಂದರೆ ಒಂದೊಂದು ಚುಕ್ಕಿಯೂ ಸುಮಾರು 1.3 ಲಕ್ಷ ಅಕ್ಷರಗಳ ಪರವಾಗಿ ಮಾತಾಡಬೇಕು. ಪ್ರತಿ ಅಕ್ಷರಕ್ಕೂ ಒಂದು ಅಳತೆ ಇರುವ ಹಳಿಯಾದರೆ ನೋಡುಗ ಮೌಸ್ ಅಲುಗಿಸಿದಾಗಲೆಲ್ಲ 24.9 ಕೋಟಿ ಸಂಖ್ಯೆಗಳನ್ನು ಓದಿ, ಗುಂಪು ಮಾಡಿ, ಚಿತ್ರ ಬರೆಯಬೇಕು. ಚಿತ್ರ ಬರುವಷ್ಟರಲ್ಲಿ ನೋಡುಗ ಎದ್ದು ಹೋಗಿರುತ್ತಾನೆ.

ನಮ್ಮ ಅಂಗಡಿಯವರು ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ದಿನದ ವ್ಯಾಪಾರವನ್ನು ರಾತ್ರಿಯೇ ಕೂಡಿ ಬರೆದಿಡುತ್ತಾರೆ. ದಿನಗಳ ಮೊತ್ತದಿಂದ ತಿಂಗಳದು, ತಿಂಗಳುಗಳ ಮೊತ್ತದಿಂದ ವರ್ಷದ್ದು. ‘ಹೋದ ವರ್ಷ ಎಷ್ಟಾಯಿತು?’ ಎಂದು ಕೇಳಿದರೆ ಒಂದೊಂದು ಚೀಟಿ ತೆಗೆದು ಎಣಿಸುವುದಿಲ್ಲ, ವರ್ಷದ ಪುಟ ತಿರುಗಿಸುತ್ತಾರೆ. ಯುಗಾದಿಯ ದಿನ ಎಷ್ಟಾಯಿತೆಂದರೆ ದಿನದ ಪುಟಕ್ಕೆ ಹೋಗುತ್ತಾರೆ. ಜೀನೋಮಿನ ಕಿಟಕಿಯೂ ಇದನ್ನೇ ಮಾಡುತ್ತದೆ. ಯಾರೂ ಕೇಳುವ ಮೊದಲೇ ಮೂಲದ ಅಳತೆಗಳನ್ನು ಗುಂಪು ಕೂಡಿಸಿ ಒಂದು ಸಾರದ ಪದರ, ಅದರ ಮೇಲೆ ಇನ್ನೂ ಒರಟಾದ ಇನ್ನೊಂದು ಪದರ, ಹೀಗೆ ಗೋಪುರ ಕಟ್ಟಿ ಇಟ್ಟಿರುತ್ತದೆ. ನೋಡುಗ ಎಷ್ಟು ದೂರ ಸರಿದಿದ್ದಾನೋ ಅದಕ್ಕೆ ತಕ್ಕ ಪದರವನ್ನು ಮಾತ್ರ ತೆಗೆಯುತ್ತದೆ. ಯಾವ ದೂರದಿಂದ ನೋಡಿದರೂ ಓದಬೇಕಾದ ಸಂಖ್ಯೆಗಳು ಪರದೆಯ ಚುಕ್ಕಿಗಳ ಲೆಕ್ಕದಲ್ಲೇ ಉಳಿಯುತ್ತವೆ, ಕೆಲವು ಸಾವಿರ ಅಷ್ಟೆ.

ಗೋಪುರ ಕಟ್ಟಿದರೆ ಜಾಗ ಎಷ್ಟು ಹಿಡಿಯುತ್ತದೋ ಎಂದು ಹೆದರಬೇಕಾಗಿಲ್ಲ. ಕೆಳಗಿನ ಪದರದ ನಾಲ್ಕು ಕೋಶಗಳಿಗೆ (ಲೆಕ್ಕದ ಮನೆಗಳಿಗೆ) ಒಂದರಂತೆ ಮೇಲಿನ ಪದರ ಮಾಡುತ್ತ ಹೋದರೆ, ತುದಿಯವರೆಗಿನ ಎಲ್ಲ ಪದರಗಳ ಕೋಶಗಳನ್ನು ಕೂಡಿದರೂ ಮೂಲದ ಮೂರನೇ ಒಂದು ಭಾಗವನ್ನು ದಾಟುವುದಿಲ್ಲ.

ಆದರೆ ಸಾರ ತೆಗೆಯುವಾಗ ಏನನ್ನು ಉಳಿಸಬೇಕು ಎಂಬುದು ವಿವೇಕದ ಪ್ರಶ್ನೆ. ಆಗುಂಬೆಯ ಮಳೆಯೂ ಶಿಕಾರಿಪುರದ ಮಳೆಯೂ ಶಿವಮೊಗ್ಗ ಜಿಲ್ಲೆಯ ಒಂದೇ ಸರಾಸರಿಯೊಳಗೆ ಸೇರಿಹೋಗುತ್ತವೆ. ಆ ಸರಾಸರಿಯನ್ನು ನಂಬಿ ಆಗುಂಬೆಗೆ ಕೊಡೆಯಿಲ್ಲದೆ ಹೋದವನ ಪಾಡು ಊಹಿಸಿ. ಜೀನೋಮಿನಲ್ಲೂ ಮುಖ್ಯವಾದ ಸಂಗತಿ ಸಾಮಾನ್ಯವಾಗಿ ಕಿರಿದಾದ, ಎತ್ತರದ ಒಂದು ಶಿಖರವಾಗಿರುತ್ತದೆ. ಸರಾಸರಿ ಅದನ್ನು ಅಳಿಸಿಬಿಡುತ್ತದೆ. ಹಾಗಾಗಿ ಕೆಂಟ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಬಿಗ್‌ವಿಗ್ ಎಂಬ ಕಡತದ ಮಾದರಿಯಲ್ಲಿ ಪ್ರತಿ ಕೋಶಕ್ಕೂ ಐದು ಸಂಖ್ಯೆಗಳನ್ನು ಬರೆದಿಡುತ್ತಾರೆ: ಎಷ್ಟು ಅಕ್ಷರಗಳಿಗೆ ಅಳತೆ ಸಿಕ್ಕಿದೆ, ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು, ಒಟ್ಟು ಎಷ್ಟು, ಜೊತೆಗೆ ಏರಿಳಿತದ ಅಂದಾಜು ಸಿಗಲೆಂದು ವರ್ಗಗಳ ಮೊತ್ತ. ಸರಾಸರಿಯನ್ನೇ ಬರೆದಿಡದೆ ಒಟ್ಟು ಮೊತ್ತವನ್ನೂ ಎಣಿಕೆಯನ್ನೂ ಬೇರೆಯಾಗಿ ಬರೆದಿಟ್ಟಿದ್ದಾರೆ ನೋಡಿ. ಎರಡು ಸರಾಸರಿಗಳನ್ನು ಕೂಡಿ ಮೇಲಿನ ಪದರದ ಸರಾಸರಿ ಮಾಡಲಾಗದು, ಎರಡು ಮೊತ್ತಗಳನ್ನು ಕೂಡಬಹುದು. ಅತಿ ಹೆಚ್ಚಿನ ಸಂಖ್ಯೆ ಜೊತೆಯಲ್ಲೇ ಇರುವುದರಿಂದ ಆಕಾಶದೆತ್ತರದಿಂದ ನೋಡಿದಾಗಲೂ ಶಿಖರ ತೆಳ್ಳಗಿನ ಗೆರೆಯಾಗಿ ಕಾಣುತ್ತದೆ, ‘ಇಲ್ಲಿ ಇಳಿದು ನೋಡು’ ಎನ್ನುತ್ತದೆ.

ಇಳಿದು ನೋಡುವುದು

ಈಗ ಆ ಜಾಗಕ್ಕೆ ಇಳಿಯೋಣ. ಇಲ್ಲಿ ಭಾರ ಇನ್ನೂ ಹೆಚ್ಚು. ಎಲ್ಲರೂ ಹೋಲಿಕೆಗೆ ಬಳಸುವ ಮಾದರಿ ಪಠ್ಯವೇನೋ ಹಗುರ. ನಾಲ್ಕೇ ಅಕ್ಷರಗಳಾದ್ದರಿಂದ ಜಾಣತನದಿಂದ ಬರೆದರೆ 80 ಕೋಟಿ ಬೈಟ್‌ಗಳ ಒಳಗೆ ಮುಗಿಯುತ್ತದೆ, ಒಂದು ಸಿನಿಮಾದಷ್ಟು. ಭಾರ ಬರುವುದು ಒಬ್ಬ ರೋಗಿಯ ಡಿಎನ್‌ಎ ಓದಿಸಿದಾಗ. ಸಾಮಾನ್ಯವಾಗಿ ಬಳಸುವ ಯಂತ್ರ ಅದನ್ನು ಉದ್ದಕ್ಕೆ ಓದುವುದಿಲ್ಲ. ನುಚ್ಚುನೂರು ಮಾಡಿ, 150 ಅಕ್ಷರದ ತುಣುಕುಗಳಾಗಿ ಓದುತ್ತದೆ. ತಪ್ಪು ನುಸುಳಬಹುದೆಂದು ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಿಸುವುದು ವಾಡಿಕೆ. ಲೆಕ್ಕ ಹಾಕಿದರೆ ಸುಮಾರು 62 ಕೋಟಿ ತುಣುಕುಗಳು! ಒಬ್ಬರದೇ ಕಡತ ನೂರು ಗಿಗಾಬೈಟಿನ ಆಸುಪಾಸಿಗೆ ಬರುತ್ತದೆ. ಅದರಲ್ಲಿ ನಮಗೆ ಬೇಕಾದ ಒಂದು ಚಿಕ್ಕ ಜೀನಿಗೆ ಸೇರಿದ ತುಣುಕುಗಳು ಕೆಲವು ನೂರು ಮಾತ್ರ. ಅವನ್ನು ಕಣ್ಣು ಮಿಟುಕಿಸುವುದರಲ್ಲಿ ಎತ್ತಿ ತರಬೇಕು.

ಅದಕ್ಕೆ ಬಳಸುವ ಯುಕ್ತಿ ನನಗೆ ಬಹಳ ಇಷ್ಟ, ಅದರಲ್ಲೂ ನಮ್ಮ ಕಂದಾಯ ಇಲಾಖೆಯ ವ್ಯವಸ್ಥೆಗೆ ಅದು ಎಷ್ಟು ಹತ್ತಿರವಾಗಿದೆ ಎಂದು ಕಂಡ ಮೇಲೆ. ನಮ್ಮಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಆರು ಮುಖ್ಯ ಮೆಟ್ಟಿಲುಗಳಿವೆ. ಒಂದು ವ್ಯಾಜ್ಯ ಯಾವ ಕಚೇರಿಗೆ ಹೋಗಬೇಕು? ಊರೊಳಗಿನದಾದರೆ ಊರಿನಲ್ಲೇ. ಎರಡು ಊರುಗಳ ಗಡಿಯದಾದರೆ ಆ ಎರಡನ್ನೂ ಒಳಗೊಂಡ ಹೋಬಳಿಗೆ. ಎರಡು ಹೋಬಳಿಗಳ ನಡುವಿನದಾದರೆ ತಾಲ್ಲೂಕಿಗೆ. ಅಂದರೆ ವ್ಯಾಜ್ಯವನ್ನು ಪೂರ್ತಿಯಾಗಿ ಒಳಗೊಳ್ಳುವ ಅತಿ ಚಿಕ್ಕ ಕಚೇರಿ ಯಾವುದೋ ಅಲ್ಲಿಗೆ.

ತುಣುಕುಗಳ ಕಡತದಲ್ಲೂ ಹೀಗೆಯೇ ಆರು ಮೆಟ್ಟಿಲು. ಅತಿ ಚಿಕ್ಕ ‘ಗ್ರಾಮ’ 16,384 ಅಕ್ಷರಗಳದು. ಎಂಟು ಗ್ರಾಮ ಸೇರಿ 1,31,072 ಅಕ್ಷರಗಳ ಹೋಬಳಿ. ಎಂಟು ಹೋಬಳಿ ಸೇರಿ ಸುಮಾರು ಹತ್ತೂವರೆ ಲಕ್ಷದ ತಾಲ್ಲೂಕು. ಹೀಗೆ ಎಂಟೆಂಟಾಗಿ ಏರುತ್ತ ತುದಿಯಲ್ಲಿ ಸುಮಾರು 53.7 ಕೋಟಿ ಅಕ್ಷರಗಳ ರಾಜ್ಯ. ಪ್ರತಿ ತುಣುಕೂ ತನ್ನನ್ನು ಪೂರ್ತಿ ಹಿಡಿಸುವ ಅತಿ ಚಿಕ್ಕ ಗೂಡಿನಲ್ಲಿ ದಾಖಲಾಗುತ್ತದೆ. ಒಂದು ವರ್ಣತಂತುವಿಗೆ ಇಂಥ ಗೂಡುಗಳು ಗರಿಷ್ಠ 37,449.

ಈಗ ಒಂದು ಸಾವಿರ ಅಕ್ಷರದ ಜಾಗವನ್ನು ನೋಡಬೇಕು ಎನ್ನಿ. ಅದಕ್ಕೆ ಸಂಬಂಧಿಸಿದ ತುಣುಕುಗಳು ಎಲ್ಲೆಲ್ಲಿ ಇರಲು ಸಾಧ್ಯ? ಆ ಗ್ರಾಮದ ದಫ್ತರದಲ್ಲಿ, ಅದರ ಹೋಬಳಿಯಲ್ಲಿ, ಅದರ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯದ ದಫ್ತರಗಳಲ್ಲಿ. ಬೇರೆಲ್ಲೂ ಇರಲಾರವು. ಜಾಗ ಎರಡು ಗ್ರಾಮಗಳ ಗಡಿಯ ಮೇಲಿಲ್ಲದಿದ್ದರೆ 37,449 ದಫ್ತರಗಳಲ್ಲಿ ಆರನ್ನು ತೆರೆದರೆ ಕೆಲಸ ಮುಗಿಯಿತು. ಯಾವ ಆರು ಎಂದು ಹುಡುಕುವ ಶ್ರಮವೂ ಇಲ್ಲ. ಎಲ್ಲವೂ ಎಂಟರ ಲೆಕ್ಕದಲ್ಲಿರುವುದರಿಂದ ಅಕ್ಷರದ ನಂಬರನ್ನು ಭಾಗಿಸಿಯೇ ದಫ್ತರದ ನಂಬರನ್ನು ಪಡೆಯಬಹುದು. ರಿಚರ್ಡ್ ಡರ್ಬಿನ್ ಮತ್ತು ಲಿಂಕನ್ ಸ್ಟೈನ್ ಸೂಚಿಸಿದ ಈ ಉಪಾಯವನ್ನು ಕೆಂಟ್ ತಮ್ಮ ಕಿಟಕಿಯಲ್ಲಿ ಐದು ಮೆಟ್ಟಿಲುಗಳೊಂದಿಗೆ ಬಳಸಿದ್ದರು. 2009ರಲ್ಲಿ ಹೆಂಗ್ ಲಿ ಮತ್ತು ಡರ್ಬಿನ್ ಮೊದಲಾದವರು ಪ್ರಕಟಿಸಿದ, ಬ್ಯಾಮ್ ಎಂದು ಹೆಸರಾದ ತುಣುಕುಗಳ ಕಡತದಲ್ಲಿ ಕೆಳಗೊಂದು ಆರನೆಯ ಮೆಟ್ಟಿಲು ಸೇರಿಕೊಂಡಿತು.

ಗೂಡಿನ ಸೂಚಿ ಇದ್ದರೆ ಸಾಲದು, ಸರಕನ್ನು ಕಟ್ಟುವ ರೀತಿಯೂ ಅದಕ್ಕೆ ಹೊಂದಬೇಕು. ಕಡತವನ್ನು ಸಣ್ಣದಾಗಿಸಲು ಒತ್ತಿ ಕಟ್ಟುತ್ತಾರೆ. ಇಡೀ ಕಡತವನ್ನು ಒಂದೇ ಮೂಟೆಯಾಗಿ ಹೊಲಿದರೆ ನಡುವಿನ ಒಂದು ಹಿಡಿ ಅಕ್ಕಿಗಾಗಿ ಮೂಟೆಯನ್ನೇ ಬಿಚ್ಚಬೇಕು. ಅದಕ್ಕಾಗಿ 64 ಕಿಲೋಬೈಟಿನಷ್ಟು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿದ್ದಾರೆ. ಯಾವ ಪೊಟ್ಟಣವನ್ನು ಬೇಕಾದರೂ ಉಳಿದವನ್ನು ಮುಟ್ಟದೆ ಬಿಚ್ಚಬಹುದು. ಕಡತ ದೂರದ ಊರಿನ ಯಂತ್ರದಲ್ಲಿದ್ದರೂ ಪರವಾಗಿಲ್ಲ. ‘ಇಷ್ಟನೆಯ ಬೈಟಿನಿಂದ ಇಷ್ಟನೆಯ ಬೈಟಿನವರೆಗೆ ಕಳಿಸು’ ಎಂದು ಕೇಳುವ ಸೌಲಭ್ಯ ಅಂತರಜಾಲದಲ್ಲಿ ಅದಾಗಲೇ ಇತ್ತು. ಗ್ರಂಥಾಲಯಕ್ಕೆ ಫೋನ್ ಮಾಡಿ 212ರಿಂದ 214ನೇ ಪುಟದ ನಕಲನ್ನಷ್ಟೇ ತರಿಸಿಕೊಂಡಂತೆ, ನೂರು ಗಿಗಾಬೈಟಿನ ಕಡತದಿಂದ ಕೆಲವು ಪೊಟ್ಟಣಗಳಷ್ಟೇ ನಮ್ಮ ಪರದೆಗೆ ಬರುತ್ತವೆ.

ಈ ವ್ಯವಸ್ಥೆಗೆ ಗೋಧಿ ಒಂದು ಪಾಠ ಕಲಿಸಿತು. ಮನುಷ್ಯನ ಅತಿ ದೊಡ್ಡ ವರ್ಣತಂತು 25 ಕೋಟಿ ಅಕ್ಷರಗಳೊಳಗೆ ಇರುವುದರಿಂದ 53.7 ಕೋಟಿಯ ರಾಜ್ಯ ಎಂದೆಂದಿಗೂ ಸಾಕೆಂದು ತೋರಿತ್ತು. ನಮ್ಮ ಚಪಾತಿಯ ಗೋಧಿಯ ಜೀನೋಮ್ ಮನುಷ್ಯನದರ ಐದು ಪಟ್ಟು. ಅದರ ಕೆಲವು ವರ್ಣತಂತುಗಳು 80 ಕೋಟಿಯನ್ನೂ ದಾಟುತ್ತವೆ. ಗೋಧಿ ವಿಜ್ಞಾನಿಗಳು ತಮ್ಮ ವರ್ಣತಂತುಗಳನ್ನು ಹೋಳು ಮಾಡಿ ಸೂಚಿಗೆ ಹಿಡಿಸಬೇಕಾಯಿತು. ಗಡಿಯನ್ನು ಹಿಗ್ಗಿಸಬಲ್ಲ ಹೊಸ ಸೂಚಿ ಆಮೇಲೆ ಬಂತು.

ಹಸಿರು ಗೆರೆ

ತುಣುಕುಗಳು ಬಂದವು. ಇನ್ನು ಅವುಗಳನ್ನು ತೋರಿಸುವ ಬಗೆ. ಬಾಸ್ಟನ್ ಬಳಿಯ ಬ್ರಾಡ್ ಇನ್‌ಸ್ಟಿಟ್ಯೂಟಿನಲ್ಲಿ ಜಿಮ್ ರಾಬಿನ್ಸನ್ ಮತ್ತು ಸಂಗಡಿಗರು ಕಟ್ಟಿ 2011ರಲ್ಲಿ ಪ್ರಕಟಿಸಿದ ಐಜಿವಿ ಎಂಬ ಕಿಟಕಿ ಇದರಲ್ಲಿ ಹೆಸರುವಾಸಿ. ಅದರ ಸೂತ್ರ ಸರಳ: ಮಾದರಿ ಪಠ್ಯಕ್ಕೆ ಹೊಂದುವ ಅಕ್ಷರಕ್ಕೆಲ್ಲ ಬೂದುಬಣ್ಣ, ಹೊಂದದ ಅಕ್ಷರಕ್ಕೆ ಮಾತ್ರ ರಂಗು. ಎ ಹಸಿರು, ಸಿ ನೀಲಿ, ಜಿ ಕಿತ್ತಳೆ, ಟಿ ಕೆಂಪು. ಯಂತ್ರಕ್ಕೆ ತನ್ನ ಓದಿನ ಬಗ್ಗೆ ಅನುಮಾನವಿದ್ದರೆ ಆ ಬಣ್ಣವೂ ಮಾಸಲು. ಕಿಟಕಿಯ ತುಂಬ ಬೂದುಬಣ್ಣದ ಇಟ್ಟಿಗೆ ಗೋಡೆ. ಅದರಲ್ಲಿ ವಿಶೇಷವಿದ್ದ ಕಡೆ ಮಾತ್ರ ಬಣ್ಣ.

ಕುಡುಗೋಲು ಕಣ ರೋಗವನ್ನು, ಅಂದರೆ ಸಿಕಲ್ ಸೆಲ್ ರಕ್ತಹೀನತೆಯನ್ನು, ತೆಗೆದುಕೊಳ್ಳಿ. ನೀಲಗಿರಿಯ ಆದಿವಾಸಿಗಳಲ್ಲಿ ಈ ಲಕ್ಷಣ ಇದೆಯೆಂದು 1952ರಲ್ಲಿ ವರದಿಯಾಯಿತು. ನೀಲಗಿರಿಗೆ ಹತ್ತಿರದ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಅದು ಇದೆ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ ಎಚ್‌ಬಿಬಿ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಈ ರೋಗದ ಮೂಲ. ಹಾಡಿಯಲ್ಲಿ ಇದನ್ನು ಪತ್ತೆ ಮಾಡಲು ಸರಳ ರಕ್ತಪರೀಕ್ಷೆ ಸಾಕು, ಜೀನೋಮ್ ಓದಿಸಬೇಕಾಗಿಲ್ಲ. ಆದರೂ ಕಿಟಕಿಯಲ್ಲಿ ಅದು ಹೇಗೆ ಕಾಣುತ್ತದೆಂದು ನೋಡುವುದು ಒಳ್ಳೆಯ ಪಾಠ.

ಮಾದರಿ ಪಠ್ಯದಲ್ಲಿ ಆ ಜಾಗದಲ್ಲಿರುವುದು ಟಿ, ಬದಲಾದಾಗ ಬರುವುದು ಎ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬದಲಾದ ಅಕ್ಷರ ಪಡೆದವರ ತುಣುಕುಗಳನ್ನು ತೆರೆದರೆ ಬೂದು ಗೋಡೆಯ ನಡುವೆ ಮೇಲಿಂದ ಕೆಳಗೆ ಒಂದು ಹಸಿರು ಕಂಬ ಕಾಣುತ್ತದೆ. ಸುಮಾರು 30 ತುಣುಕುಗಳಲ್ಲಿ 15ರಷ್ಟು ಹಸಿರು, ಉಳಿದವು ಬೂದು. ಇಬ್ಬರಿಂದಲೂ ಪಡೆದವರಲ್ಲಿ ಕಂಬ ಪೂರ್ತಿ ಹಸಿರು. ಒಂದೇ ಒಂದು ತುಣುಕಿನಲ್ಲಿ ಮಾತ್ರ, ಅದೂ ಮಾಸಲು ಹಸಿರಿದ್ದರೆ ಅದು ಯಂತ್ರದ ಕಣ್ತಪ್ಪು. ಮೂರು ಬೇರೆ ಬೇರೆ ಸಂಗತಿಗಳನ್ನು ನೋಡುಗ ಎಣಿಸದೆಯೇ ಗುರುತಿಸುತ್ತಾನೆ. ಇದೇ ಮಾತನ್ನು ಸಂಖ್ಯೆಗಳ ಕೋಷ್ಟಕದಲ್ಲಿ ಓದಿ ಅರ್ಥಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಯೋಚಿಸಿ.

ಅಕ್ಷರ ಬದಲಾಗುವುದಕ್ಕಿಂತ ದೊಡ್ಡ ಅವಾಂತರಗಳೂ ಕಣ್ಣಿಗೆ ಸಿಗುತ್ತವೆ. ಯಂತ್ರ ಸಾಮಾನ್ಯವಾಗಿ ಡಿಎನ್‌ಎಯ ಒಂದು ಚೂರಿನ ಎರಡೂ ತುದಿಗಳನ್ನು ಓದುತ್ತದೆ. ಚೂರು ಕೆಲವು ನೂರು ಅಕ್ಷರ ಉದ್ದ ಎಂದು ಮೊದಲೇ ಗೊತ್ತಿರುತ್ತದೆ. ಒಂದು ಮಾರು ಹಗ್ಗದ ಎರಡು ತುದಿ ನಕ್ಷೆಯಲ್ಲಿ ಹತ್ತು ಮಾರು ದೂರದಲ್ಲಿ ಬಿದ್ದಿವೆ ಎಂದರೆ ಏನರ್ಥ? ನಕ್ಷೆಯಲ್ಲಿರುವ ನಡುವಿನ ಒಂಬತ್ತು ಮಾರು ನೆಲ ಈ ವ್ಯಕ್ತಿಯಲ್ಲಿ ಇಲ್ಲ. ಐಜಿವಿ ಇಂಥ ಜೋಡಿಗಳಿಗೆ ಕೆಂಪು ಬಳಿಯುತ್ತದೆ. ಕ್ಯಾನ್ಸರ್ ಗಡ್ಡೆಗಳಲ್ಲಿ ಕೆಂಪು ಜೋಡಿಗಳ ಹಿಂಡೇ ಕಾಣುವುದುಂಟು. ಕಂಪ್ಯೂಟರ್ ತಾನಾಗಿಯೇ ಪಟ್ಟಿ ಮಾಡಿಕೊಟ್ಟ ಬದಲಾವಣೆಗಳಲ್ಲಿ ಸಂದೇಹಕ್ಕೆ ಎಡೆಯಿರುವುದನ್ನು ವರದಿಗೆ ಸೇರಿಸುವ ಮೊದಲು ತಜ್ಞರೊಬ್ಬರು ಈ ಕಿಟಕಿಯಲ್ಲಿ ಕಣ್ಣಾರೆ ನೋಡುವುದು ಇಂದಿಗೂ ನಡೆದಿದೆ. ಅದು ಮುಂದುವರಿಯಬೇಕು ಎಂದೇ ನನ್ನ ನಿಲುವು.

ವಿಜ್ಞಾನ ಪತ್ರಿಕೆಗಳ ಮುಖಪುಟದಲ್ಲಿ ಜೀನೋಮನ್ನು ಬಳೆಯಂತೆ ಸುತ್ತಿ, ಒಳಗೆ ಬಣ್ಣದ ದಾರಗಳನ್ನು ಎಳೆದ ಚಿತ್ರಗಳನ್ನು ನೀವು ಕಂಡಿರಬಹುದು. 2009ರಲ್ಲಿ ಕೆನಡಾದ ಮಾರ್ಟಿನ್ ಕ್ರಿವಿನ್‌ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಸರ್ಕೋಸ್ ಎಂಬ ಪ್ರೋಗ್ರಾಂ ಬಿಡಿಸುವ ಚಿತ್ರಗಳು ಅವು. ಯಾವ ವರ್ಣತಂತುವಿನ ಚೂರು ಯಾವುದಕ್ಕೆ ಹೋಗಿ ಅಂಟಿಕೊಂಡಿದೆ ಎಂಬ ಒಟ್ಟು ಚಿತ್ರಕ್ಕೆ ಅದು ಸೊಗಸು. ತಪ್ಪಾದ ಅಕ್ಷರವನ್ನು ಬೆನ್ನಟ್ಟುವವರಿಗೆ ಮಾತ್ರ ನೇರ ಅಳತೆಗೋಲಿನ ಸಾದಾ ಕಿಟಕಿಯೇ ಸರಿ.

ಉದ್ದದಿಂದ ಅಗಲಕ್ಕೆ

ಇಷ್ಟರವರೆಗೆ ಹೇಳಿದ್ದೆಲ್ಲ ಒಂದು ಗೆರೆಯ ಮೇಲಿನ ನಕ್ಷೆ. ಡಿಎನ್‌ಎ ಜೀವಕೋಶದೊಳಗೆ ಗೆರೆಯಂತೆ ಮಲಗಿರುವುದಿಲ್ಲ. ಎರಡು ಮೀಟರ್ ಉದ್ದದ ಎಳೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗೂಡಿನೊಳಗೆ ಮಡಚಿ ಕುಳಿತಿರುತ್ತದೆ. ಯಾವ ಜಾಗ ಯಾವ ಜಾಗಕ್ಕೆ ತಗುಲಿಕೊಂಡಿದೆ ಎಂಬುದನ್ನು ತೋರಿಸಲು ಉದ್ದ ಅಗಲ ಎರಡರಲ್ಲೂ ಜೀನೋಮೇ ಇರುವ ಚೌಕದ ನಕ್ಷೆ ಬೇಕು. ಸಾವಿರ ಅಕ್ಷರಕ್ಕೊಂದು ಮನೆ ಎಂದರೂ 31 ಲಕ್ಷ ಸಾಲು, 31 ಲಕ್ಷ ಕಂಬಸಾಲಿನ ಚದುರಂಗದ ಹಾಸು; ಮನೆಗಳ ಸಂಖ್ಯೆ 9 ಲಕ್ಷ ಕೋಟಿಯನ್ನು ಮೀರುತ್ತದೆ. 2018ರಲ್ಲಿ ಹಾರ್ವರ್ಡಿನ ತಂಡವೊಂದು ಪ್ರಕಟಿಸಿದ ಹೈಗ್ಲಾಸ್ ಎಂಬ ಕಿಟಕಿ ಇದನ್ನು 256 ಚುಕ್ಕಿ ಉದ್ದ, 256 ಚುಕ್ಕಿ ಅಗಲದ ಹೆಂಚುಗಳಾಗಿ ಕತ್ತರಿಸಿ, ಪದರ ಪದರವಾಗಿ ಸಾರ ತೆಗೆದಿಟ್ಟು ತೋರಿಸುತ್ತದೆ. ನಮ್ಮ ಮೊಬೈಲಿನ ನಕ್ಷೆ ಕೆಲಸ ಮಾಡುವುದು ಬಹುಮಟ್ಟಿಗೆ ಹೀಗೆಯೇ.

ಅಳತೆಗೋಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾವು ಬಳಸುವ ಮಾದರಿ ಪಠ್ಯದ ಸುಮಾರು ಶೇಕಡಾ 70 ಭಾಗ ಬಂದಿರುವುದು ಒಬ್ಬನೇ ವ್ಯಕ್ತಿಯಿಂದ. 1997ರಲ್ಲಿ ಅಮೆರಿಕದ ಬಫಲೊ ನಗರದ ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ ರಕ್ತ ಕೊಟ್ಟ, ಹೆಸರು ಬಹಿರಂಗಪಡಿಸದ ದಾನಿ ಆತ. ಆ ಪಠ್ಯದಲ್ಲಿ ಇಲ್ಲದ, ನಮ್ಮಲ್ಲಿ ಇರುವ ಡಿಎನ್‌ಎ ತುಂಡಿಗೆ ಈ ನಕ್ಷೆಯಲ್ಲಿ ವಿಳಾಸವೇ ಇಲ್ಲ. ಅಲ್ಲಿಂದ ಬಂದ ತುಣುಕುಗಳಿಗೆ ಕಿಟಕಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. 2023ರಲ್ಲಿ ಜಗತ್ತಿನ ನಾನಾ ಕಡೆಯ 47 ಜನರ ಪಠ್ಯಗಳನ್ನು ಹೆಣೆದ ಹೊಸ ಮಾದರಿಯೊಂದು ಬಂದಿದೆ. ಅದು ನೇರ ಗೆರೆಯಲ್ಲ. ಕವಲೊಡೆದು ಮತ್ತೆ ಕೂಡುವ ಹೊಳೆಯಂತಿದೆ. ಹೊಳೆಗೆ ಸರ್ವೆ ನಂಬರು ಕೊಡುವುದು ಹೇಗೆ, ಕವಲುಗಳ ಕೆಳಗೆ ಹಳಿಗಳನ್ನು ಹಾಸುವುದು ಹೇಗೆ ಎಂಬ ಪ್ರಶ್ನೆಗಳನ್ನು ಕಿಟಕಿ ಕಟ್ಟುವವರು ಈಗ ಬಿಡಿಸುತ್ತಿದ್ದಾರೆ.

ನಮ್ಮಲ್ಲೂ ಪಠ್ಯ ಬೆಳೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು, 20 ಸಂಸ್ಥೆಗಳನ್ನು ಜೊತೆಗೂಡಿಸಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ ನಾನಾ ಸಮುದಾಯಗಳ ಹತ್ತು ಸಾವಿರ ಜನರ ಜೀನೋಮನ್ನು ಓದಲಾಗಿದೆ. ಆ ದತ್ತಾಂಶ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದ್ದು, ಸಂಶೋಧಕರ ಬಳಕೆಗೆ 2025ರ ಜನವರಿಯಲ್ಲಿ ತೆರೆಯಿತು. ಈ ಹತ್ತು ಸಾವಿರ ಕಡತಗಳ ಮೇಲೆ ಒಳ್ಳೆಯ ಕಿಟಕಿಗಳನ್ನು ಕಟ್ಟುವ ಕೆಲಸಕ್ಕೆ ಜೀವವಿಜ್ಞಾನ ಓದಿದವರಷ್ಟೇ ಕಂಪ್ಯೂಟರ್ ಓದಿದವರೂ ಬೇಕು. ಬೆಂಗಳೂರಿನಲ್ಲಿ ಅವರಿಗೆ ಕೊರತೆಯಿಲ್ಲ. ಅವರಲ್ಲಿ ಕೆಲವರಾದರೂ ಈ ಕಡೆಗೆ ಬರಬೇಕು.

ಸಾಂತಾ ಕ್ರೂಜ್‌ನ ಕಿಟಕಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ನೋಡಲು ಹಣ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ. ಇವತ್ತು ಸಂಜೆ ಬಿಡುವಿದ್ದರೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ತೆರೆಯಿರಿ. ಮನುಷ್ಯನ 2013ರ ಪಠ್ಯವನ್ನು ಆರಿಸಿ, ಹುಡುಕುವ ಪೆಟ್ಟಿಗೆಯಲ್ಲಿ ಎಚ್‌ಬಿಬಿ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆಯಿರಿ. ಜೀನಿನ ಗೆರೆಯ ಮೇಲಿನ ಬಾಣಗಳು ಎಡಕ್ಕೆ ತಿರುಗಿರುತ್ತವೆ. ಉರ್ದುವಿನಂತೆ ಬಲದಿಂದ ಎಡಕ್ಕೆ ಓದಬೇಕಾದ ಜೀನು ಅದು. ಹಿಗ್ಗಿಸುತ್ತ ಹೋಗಿ ಅಕ್ಷರಗಳು ಮೂಡುವವರೆಗೆ. ಆಮೇಲೆ ಮೇಲಿನ ಅಳತೆಗೋಲಿನಲ್ಲಿ 52,27,002ನೆಯ ಸ್ಥಾನವನ್ನು ಹುಡುಕಿ. ಅಲ್ಲಿ ಒಂದು ಟಿ ಇದೆ.